ಕಿವಿಗೆ ಹತ್ತಿ, ಗೋಡೆಗೆ ಕಿವಿ

ಮಾರ್ಚ್ 3, ಸೋಮವಾರ

ಇವತ್ತು ಕೋರ್ಟಿನಲ್ಲಿ ಒಂದು ಕತ್ತೆಯನ್ನು ಕೆಡವಲು ಆದೇಶ ಹೊರಡಿಸಿದೆ.

ಜಡ್ಜ್ ಮೇಡಂ ತೀರ್ಪು ಹೇಳುತ್ತಾ ಹೋದರು, ನಾನು ಎಂದಿನಂತೆ ಬರೆದುಕೊಂಡು, ಟೈಪ್ ಮಾಡಿ, ಸಹಿಗೆ ಕಳಿಸಿದೆ. "ಪ್ರತಿವಾದಿಯು ದಾರಿಗೆ ಅಡ್ಡವಾಗಿರುವ ತನ್ನ ಕತ್ತೆಯನ್ನು ಸ್ವಂತ ಖರ್ಚಿನಲ್ಲಿ ಕೆಡವತಕ್ಕದ್ದು." ಅವರು ಹೇಳಿದ್ದು ಕಟ್ಟೆ. ಮೇಡಂ ಅದನ್ನು ತುಂಬಿದ ಕೋರ್ಟಿನಲ್ಲಿ ಗಟ್ಟಿಯಾಗಿ ಓದಿಬಿಟ್ಟರು. ಎರಡೂ ಕಡೆಯ ವಕೀಲರು ಮೊದಲ ಸಲ ಒಂದೇ ವಿಷಯಕ್ಕೆ ಒಪ್ಪಿ ನಕ್ಕರು. ಪ್ರತಿವಾದಿ ಪಾಪ ಎದ್ದು ನಿಂತು, ನನ್ನ ಹತ್ತಿರ ಕತ್ತೆಯೇ ಇಲ್ಲ ಎಂದ.

ಮೇಡಂ ಮಾತ್ರ ನಗಲಿಲ್ಲ. ಮಧ್ಯಾಹ್ನ ಒಳಗೆ ಕರೆದು, ಹೋದ ತಿಂಗಳು "ಎಂಟು" ಎಂದದ್ದನ್ನು "ಗಂಟು" ಎಂದು ಬರೆದಿದ್ದಿರಿ, ಅದಕ್ಕೂ ಹಿಂದೆ ಇನ್ನೊಂದು, ಸುಮ್ಮನಿದ್ದೆ, ಈಗ ಕಿವಿ ತೋರಿಸಿಕೊಂಡು ಬನ್ನಿ ಎಂದರು. ಕಿವಿ ಹಿಂಡಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಅವರು ಎಷ್ಟು ಮೆತ್ತಗೆ ಹೇಳಿದರೆಂದರೆ ಅರ್ಧ ಮಾತು ತುಟಿ ನೋಡಿಯೇ ತಿಳಿದುಕೊಳ್ಳಬೇಕಾಯಿತು.

ಮನೆಗೆ ಬಂದರೆ ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಬೆರಳಿನಿಂದ ಕುಟ್ಟುತ್ತಾ ಕೂತಿದ್ದಳು. ಅವಳಿಗೆ ಅದೊಂದು ಚಾಳಿ. ತರಕಾರಿ ಬೇಯುವವರೆಗೆ, ನೀರು ಕಾಯುವವರೆಗೆ, ನಾನು ಬಾಗಿಲು ತೆಗೆಯುವವರೆಗೆ ಕುಟ್ಟುತ್ತಾಳೆ. ತಲೆ ಚಿಟ್ಟು ಹಿಡಿಯಿತು.

ಮಾರ್ಚ್ 5, ಬುಧವಾರ

ಕಿವಿ ಡಾಕ್ಟರು ನನ್ನನ್ನು ಗಾಜಿನ ಗೂಡಿನಲ್ಲಿ ಕೂರಿಸಿ, ಶಬ್ದ ಕೇಳಿಸಿದಾಗೆಲ್ಲ ಗುಂಡಿ ಒತ್ತಿ ಎಂದರು. ಒತ್ತಿದೆ. ನಡುವೆ ಬಹಳ ಹೊತ್ತು ಒತ್ತುವಂಥದ್ದೇನೂ ಇಲ್ಲದೆ, ಅವರು ಟೀ ಕುಡಿಯಲು ಹೋದರೇನೋ ಎಂದುಕೊಂಡು ಕೂತಿದ್ದೆ. ಆಗಲೂ ಶಬ್ದ ಬರುತ್ತಲೇ ಇತ್ತಂತೆ.

ಬಲಗಿವಿ ಹೆಚ್ಚೂಕಡಿಮೆ ಕೈಕೊಟ್ಟಿದೆ. ಎಡಗಿವಿ ಅದರ ಹಿಂದೆಯೇ ಹೊರಟಿದೆ. ಮೊದಲು ಸಣ್ಣ ಶಬ್ದಗಳು ಉದುರುತ್ತವಂತೆ. ಸ, ಶ, ತ, ಟ ಇಂಥವು. ದಪ್ಪನೆಯ ಶಬ್ದಗಳು ಕೊನೆಯವರೆಗೂ ಉಳಿಯುತ್ತವೆ. ಆಮೇಲೆ ಅವರು ಪೆನ್ನು ಹಿಡಿದು ಕೇಳಿದರು.

"ಚಿಕ್ಕ ವಯಸ್ಸಲ್ಲಿ ಜೋರು ಸಂಗೀತ ಕೇಳ್ತಿದ್ರಾ? ಈ ರಾಕ್ ಶೋಗಳಿಗೆಲ್ಲ ಹೋಗ್ತಿದ್ರಾ?"

ಇಲ್ಲ ಎಂದೆ.

"ಒಂದಕ್ಕೂ?"

ಒಂದಕ್ಕೂ ಇಲ್ಲ. ಹೋಗಿದ್ದರೆ ಕಿವಿ ಹೋದದ್ದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ತಿನ್ನದ ಊಟಕ್ಕೆ ಕೈ ತೊಳೆಯುತ್ತಿದ್ದೇನೆ.

ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ. ಇಡೀ ಊರಿನಲ್ಲಿ ರಾಕ್ ಶೋ ನಡೆಯುತ್ತಿದ್ದದ್ದು ಒಂದೇ ಕಡೆ, ಮುಚ್ಚಿಹೋಗಿದ್ದ ಸೋಪ್ ಫ್ಯಾಕ್ಟರಿಯಲ್ಲಿ. ಎಲ್ಲರೂ ಅದನ್ನು "ಸೋಪು" ಎನ್ನುತ್ತಿದ್ದರು. ಇವತ್ತು ಸೋಪಿನಲ್ಲಿ ಶೋ ಇದೆ, ನಿನ್ನೆ ಸೋಪಿನಲ್ಲಿ ಕುಣಿದು ಕಾಲು ನೋಯುತ್ತಿದೆ, ಇದೇ ಮಾತು. ಎಲ್ಲೆಲ್ಲಿಂದಲೋ ಜನ ರೈಲು ಹತ್ತಿ ಬರುತ್ತಿದ್ದರು. ನಮ್ಮ ಮನೆ ಆ ಫ್ಯಾಕ್ಟರಿಯ ಬೆನ್ನಿಗೇ ಅಂಟಿಕೊಂಡಿತ್ತು. ನಾನೂ ತಮ್ಮನೂ ಮಲಗುತ್ತಿದ್ದ ಕೋಣೆಗೂ ಅದಕ್ಕೂ ಒಂದೇ ಗೋಡೆ. ಅಷ್ಟು ಹತ್ತಿರವಿದ್ದೂ ನಾನು ಹೋಗಲಿಲ್ಲ.

ಶೋ ಇರುವ ದಿನ ಸಂಜೆಯಾಗುತ್ತಲೇ ಅಮ್ಮ ಹತ್ತಿಯ ಉಂಡೆ ಮಾಡಿ ನಮ್ಮಿಬ್ಬರ ಕಿವಿಗೆ ತುರುಕುತ್ತಿದ್ದಳು. ಆಮೇಲೆ ಹೊರಗಿನಿಂದ ಬೀಗ ಹಾಕಿಕೊಂಡು ಲಾಂಡ್ರಿಗೆ ಹೋಗುತ್ತಿದ್ದಳು. ಅಪ್ಪ ಲಾರಿ ಡ್ರೈವರ್, ಮನೆಯಲ್ಲಿದ್ದದ್ದೇ ಅಪರೂಪ. ಅದೇನು ಹಣೆಬರಹವೋ, ಶೋ ಇದ್ದ ದಿನವೇ ಅಮ್ಮನಿಗೆ ಲಾಂಡ್ರಿಯಲ್ಲಿ ಹೆಚ್ಚುವರಿ ಪಾಳಿ ಬೀಳುತ್ತಿತ್ತು. ನಾನು ಗೋಡೆಗೆ ಅಂಟಿಕೊಂಡು ಮಲಗಿ, ಇಟ್ಟಿಗೆಯೊಳಗಿಂದ ಬರುವ ಧಂ ಧಂ ಅನ್ನು ಬೆನ್ನಿನಿಂದ ಕೇಳುತ್ತಿದ್ದೆ. ಮಾತಿಲ್ಲ, ರಾಗವಿಲ್ಲ, ಬರೀ ಗುದ್ದು. ಸಿಟ್ಟು ಬಂದರೆ ನಾನೂ ಗೋಡೆಗೆ ಗುದ್ದುತ್ತಿದ್ದೆ.

ಇನ್ನು ಮುಂದೆ ಜಗತ್ತೆಲ್ಲ ನನಗೆ ಹಾಗೇ ಕೇಳಿಸುತ್ತದಂತೆ.

ಮಾರ್ಚ್ 6, ಗುರುವಾರ

ಅಮ್ಮ ಕುಟ್ಟುತ್ತಿದ್ದಾಳೆ. ಧಂ ಧಂ, ಧಂ. ಧಂ ಧಂ, ಧಂ. ಆಮೇಲೆ ಏನೂ ಇಲ್ಲ, ಸದ್ಯ ನಿಲ್ಲಿಸಿದಳು ಎಂದುಕೊಳ್ಳುವಷ್ಟರಲ್ಲಿ ಟಕ್ ಟಕ್. ಮತ್ತೆ ಮೊದಲಿಂದ. ಹಾಳಾದ್ದು, ಇದು ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ಮಾರ್ಚ್ 9, ಭಾನುವಾರ

ಗುಂಗುರು ಸಿಕ್ಕಿದ್ದಳು. ಸಿಕ್ಕಿದ್ದಳು ಎಂದರೆ ನಾನೇ ಅವಳ ಕನ್ನಡಕದ ಅಂಗಡಿಗೆ ಹೋಗಿದ್ದೆ. ಶಾಲೆಯಲ್ಲಿ ಅವಳ ಕೂದಲಿಗೆ ಇಟ್ಟ ಹೆಸರು; ಈಗ ಕೂದಲು ಅರ್ಧ ಉದುರಿದೆ, ಹೆಸರು ಉಳಿದಿದೆ. ಸೋಪಿನ ಒಂದು ಶೋ ಬಿಟ್ಟವಳಲ್ಲ. ಮರುದಿನ ಬೆಳಿಗ್ಗೆ ಕ್ಲಾಸಿಗೆ ಬಂದು, ಗಾಯಕ ಬೆವರು ಒರೆಸಿ ಎಸೆದ ಬಟ್ಟೆ ಯಾರ ಕೈಗೆ ಸಿಕ್ಕಿತು ಎಂಬುದರಿಂದ ಹಿಡಿದು ಎಲ್ಲವನ್ನೂ ಹೇಳಿ ನನ್ನ ಹೊಟ್ಟೆ ಉರಿಸುತ್ತಿದ್ದಳು. ನಾನು, ಮುಂದಿನ ಸಲ ಬರ್ತೀನಿ ಎನ್ನುತ್ತಿದ್ದೆ.

ಹದಿನೆಂಟು ದಾಟಿದ ಮೇಲೆ ಬೀಗವೂ ಇರಲಿಲ್ಲ, ಹತ್ತಿಯೂ ಇರಲಿಲ್ಲ. ಆದರೂ ಮುಂದಿನ ಸಲ ಎಂದೇ ಹೇಳುತ್ತಿದ್ದೆ. ಒಮ್ಮೆ ತಮ್ಮನಿಗೆ ಜ್ವರ, ಒಮ್ಮೆ ಪರೀಕ್ಷೆ, ಒಮ್ಮೆ ಹಾಕಿಕೊಳ್ಳಲು ಸರಿಯಾದ ಬಟ್ಟೆ ಇರಲಿಲ್ಲ. ಮನೆಯ ಹಿಂದೆಯೇ ಇದೆಯಲ್ಲ, ಎಲ್ಲಿಗೆ ಓಡಿಹೋಗುತ್ತದೆ ಎಂಬ ಧೈರ್ಯ. ಸೋಪು ಓಡಿಹೋಗಲಿಲ್ಲ, ಬಾಗಿಲು ಹಾಕಿಕೊಂಡಿತು. ನನಗೆ ಕೋರ್ಟಿನಲ್ಲಿ ಕೆಲಸ ಸಿಕ್ಕಿತು, ನಾನೂ ಅಮ್ಮನೂ ಈ ಎರಡನೇ ಮಹಡಿಗೆ ಬಂದೆವು.

ಗುಂಗುರು ಹೇಳಿದ ಸುದ್ದಿ ಇದು: ಸೋಪನ್ನು ಪೀಠೋಪಕರಣದ ಗೋದಾಮು ಮಾಡುತ್ತಾರೆ. ಅದಕ್ಕೂ ಮೊದಲು ಒಂದು ಕೊನೆಯ ಶೋ. ಬರುವುದು ಆ ಕಾಲದ ಮೂವರು ಅಣ್ಣತಮ್ಮಂದಿರ ತಂಡವೇ, ಈಗ ಇಬ್ಬರು ಉಳಿದಿದ್ದಾರೆ. ಏಪ್ರಿಲ್ ಆರು, ಭಾನುವಾರ, ಮಧ್ಯಾಹ್ನ ನಾಲ್ಕಕ್ಕೆ. ಮಧ್ಯಾಹ್ನ ಯಾಕೆಂದರೆ ಕೇಳುವವರೆಲ್ಲ ಬೇಗ ಮಲಗುತ್ತಾರೆ ಎಂದು ನಕ್ಕಳು. ಟಿಕೆಟ್ ಅವಳೇ ತೆಗೆಸಿಕೊಡುತ್ತಾಳೆ. ಬಾಗಿಲ ತನಕ ಬಂದು, ನಿಮ್ಮಮ್ಮನನ್ನೂ ಕರ್ಕೊಂಡು ಬಾರೇ, ಖುಷಿ ಪಡ್ತಾರೆ ಎಂದಳು. ಎಪ್ಪತ್ತಾರರ ಮುದುಕಿ ರಾಕ್ ಶೋಗೆ ಬಂದು ಖುಷಿ ಪಡುತ್ತಾಳಂತೆ. ತಪ್ಪಾಗಿ ಕೇಳಿಸಿಕೊಂಡೆನೋ ಏನೋ.

ಮಾರ್ಚ್ 11, ಮಂಗಳವಾರ

ಅಮ್ಮನಿಗೆ ಹೇಳಿದೆ. ಹೇಳಲೇಬಾರದಿತ್ತು.

ಮೊದಲು ಕಿವಿಗೆ ಹಾಕಿಕೊಳ್ಳದವಳ ಹಾಗೆ ಈರುಳ್ಳಿ ಹೆಚ್ಚಿದಳು. ಆಮೇಲೆ ಡಾಕ್ಟರು ಗದ್ದಲ ಬೇಡ ಎಂದಿಲ್ಲವೇ ಎಂದಳು. ಆಮೇಲೆ ಆ ಕಟ್ಟಡದ ಮಾಡು ಭದ್ರವಿಲ್ಲ ಎಂದಳು. ಕೊನೆಗೆ ಬಂತು ಹಳೆಯ ಮಾತು, ಅಕ್ಷರ ಬದಲಾಗದೆ:

"ಅಲ್ಲಿಗೆ ಹೋಗೋರು ನಮ್ಮಂಥೋರಲ್ಲ ಕಣೇ."

ನನಗೆ ಐವತ್ತಮೂರು. ಕೋರ್ಟಿನಲ್ಲಿ ಕೊಲೆಗಾರರ ಹೇಳಿಕೆ ಬರೆದುಕೊಂಡವಳು. ಈ ಒಂದು ಮಾತಿಗೆ ಹದಿನೈದರ ಹುಡುಗಿಯ ಹಾಗೆ ಎಗರಿಬಿದ್ದೆ. ಬಾಯಿಗೆ ಬಂದಂತೆ ಅಂದೆ. ನೀನು ಹತ್ತಿ ತುರುಕಿ ತುರುಕಿಯೇ ನನ್ನ ಕಿವಿ ಹೋಗಿದ್ದು ಎಂದೆ. ಅದು ಸುಳ್ಳು, ಡಾಕ್ಟರು ಹಾಗೇನೂ ಹೇಳಿಲ್ಲ. ಬೀಗ ಹಾಕಿ ಕೂಡಿಹಾಕಿದೆ, ಇಡೀ ಊರು ಒಳಗೆ ಕುಣಿಯುವಾಗ ನಾನು ಗೋಡೆ ನೆಕ್ಕುತ್ತಾ ಮಲಗಿದ್ದೆ ಎಂದೆ. ಅದು ನಿಜ.

ಅಮ್ಮ ಏನೋ ಹೇಳಿದಳು. ಬಲಗಡೆಯಿಂದ ಹೇಳಿದ್ದರಿಂದ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು ಎಂದು ಕೇಳಲಿಲ್ಲ.

ಮಾರ್ಚ್ 12, ಬುಧವಾರ

ಮಾತಿಲ್ಲ. ಅವಳು ಕುಟ್ಟುತ್ತಲೂ ಇಲ್ಲ. ನಿಲ್ಲಿಸಿದರೆ ಸಾಕು ಎಂದುಕೊಂಡಿದ್ದೆ, ಈಗ ಮನೆ ಬಿಕೋ ಎನ್ನುತ್ತದೆ.

ಮಾರ್ಚ್ 18, ಮಂಗಳವಾರ

ಎಡಗಿವಿಗೆ ಮಿಷನ್ ಬಂತು, ಹುಣಸೆಬೀಜದಷ್ಟು. ಹಾಕಿಕೊಂಡು ಹೊರಗೆ ಬಂದರೆ ನನ್ನ ಚಪ್ಪಲಿ ಇಷ್ಟು ಸದ್ದು ಮಾಡುತ್ತದೆಂದು ಗೊತ್ತಾಯಿತು. ಕಾಗದ ಮಗುಚಿದರೆ ಮರ ಮುರಿದ ಹಾಗೆ. ಪಕ್ಕದ ಗುಮಾಸ್ತ ಬಿಸ್ಕತ್ತು ತಿಂದದ್ದು ಕೇಳಿ ಅವನ ಮೇಲೆ ದ್ವೇಷ ಹುಟ್ಟಿತು. ಆದರೆ ಮೇಡಂ ಹೇಳಿದ ಮಾತು ಮಾತ್ರ ಮೊದಲಿನಂತೆಯೇ ಅಂಚು ಹರಿದು ಬರುತ್ತದೆ.

ಡಾಕ್ಟರಿಗೆ ಶೋ ವಿಷಯ ಕೇಳಿದೆ. ಸಾಧ್ಯವಾದರೆ ಬೇಡ ಎಂದರು. ಉಳಿದಿರುವುದು ಇದೊಂದು ಕಿವಿ, ಅದೂ ಸೋರುವ ಕೊಡ. ಒಂದೇ ಸಲ, ನಾಲ್ಕೇ ಹಾಡು ಎಂದು ಚೌಕಾಸಿ ಮಾಡಿದೆ. ಅವರು ನನ್ನ ಮುಖ ನೋಡಿ, ಹೋಗಲೇಬೇಕಿದ್ದರೆ ಮಿಷನ್ ತೆಗೆದಿಡಿ, ಕಿವಿಗೆ ಬಿಗಿಯಾಗಿ ಹತ್ತಿ ಇಟ್ಟುಕೊಳ್ಳಿ, ಸ್ಪೀಕರಿನಿಂದ ದೂರ ನಿಲ್ಲಿ ಎಂದರು.

ಹತ್ತಿ. ಡಾಕ್ಟರೂ ಅಮ್ಮನ ಕಡೆಯವರೇ.

ಮಾರ್ಚ್ 22, ಶನಿವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಎದ್ದು ಕಿಟಕಿ ತೆಗೆಯುತ್ತೇನೆ, ಗಾಳಿ ಸದ್ದು ಮಾಡುತ್ತದೆಂದು ಮುಚ್ಚುತ್ತೇನೆ. ಆ ತಂಡದ ಹಾಡುಗಳನ್ನೆಲ್ಲ ಫೋನಿನಲ್ಲಿ ಹುಡುಕಿ ಕೇಳಿದೆ. ಮೊದಲೂ ಕೇಳಿದ್ದುಂಟು. ಯಾವುದೂ ನನ್ನದಲ್ಲ. ಗುಂಗುರು ಹೇಳುತ್ತಿದ್ದ "ಕತ್ತಲೆ ಹಾಡು" ಕೂಡ ಇದೆ. ಶೋನಲ್ಲಿ ಅದನ್ನು ಹಾಡುವಾಗ ನಡುವೆ ಎಲ್ಲವೂ ಒಮ್ಮೆಲೇ ನಿಲ್ಲುತ್ತಿತ್ತಂತೆ, ದೀಪಗಳೆಲ್ಲ ಆರುತ್ತಿದ್ದವಂತೆ, ಯಾರೂ ಉಸಿರೆತ್ತುತ್ತಿರಲಿಲ್ಲವಂತೆ. ಆ ನಿಲುಗಡೆ ಗೋಡೆಯ ಈಚೆಗೂ ಗೊತ್ತಾಗುತ್ತಿತ್ತು, ಬೆನ್ನಿಗೆ ಬಡಿಯುತ್ತಿದ್ದದ್ದು ಥಟ್ಟನೆ ಇಲ್ಲವಾಗುತ್ತಿತ್ತು. ರೆಕಾರ್ಡಿನಲ್ಲಿ ನಿಲುಗಡೆಯೇ ಇಲ್ಲ. ಯಾರೋ ಅವಸರದಲ್ಲಿ ಆ ಸಂದನ್ನು ಹೊಲಿದುಬಿಟ್ಟಿದ್ದಾರೆ.

ಸಂಜೆ ಸೋಪಿನ ಕಡೆ ನಡೆದುಹೋದೆ. ನಮ್ಮ ಮನೆ ಇದ್ದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಗೋಡೆ ಇದೆ. ನಮ್ಮ ಕೋಣೆಗೆ ಬಳಿದಿದ್ದ ನೀಲಿ ಸುಣ್ಣ ಒಂದು ಹಾಸಿಗೆಯಷ್ಟು ಅಗಲಕ್ಕೆ ಇನ್ನೂ ಅಂಟಿಕೊಂಡಿದೆ. ಅದರ ಮುಂದೆ ಯಾರದೋ ಬಿಳಿ ಕಾರು. ಕಾರಿನವನು ಬಂದು, ಏನಮ್ಮ ಹುಡುಕ್ತಿದ್ದೀರಾ ಎಂದ. ಏನೂ ಇಲ್ಲ ಎಂದು ಬಂದುಬಿಟ್ಟೆ.

ಜೀವನದಲ್ಲಿ ದೊಡ್ಡ ನಷ್ಟಗಳನ್ನು ಅನುಭವಿಸಿದವರು ಬೇಕಾದಷ್ಟು ಜನ ಇದ್ದಾರೆ, ದಿನಾ ಕೋರ್ಟಿನಲ್ಲಿ ನೋಡುತ್ತೇನೆ. ನನ್ನದು ಒಂದಿಷ್ಟು ಹಾಡು ಕೇಳದ ನಷ್ಟ. ಯಾರ ಮುಂದೆ ಹೇಳಿದರೂ ನಗುತ್ತಾರೆ. ಆದರೂ ಸಂಕಟ ಸಂಕಟವೇ.

ಮಾರ್ಚ್ 27, ಗುರುವಾರ

ಇದನ್ನು ಸರಿಯಾಗಿ ಬರೆಯಬೇಕು.

ಅಮ್ಮ ಮತ್ತೆ ಮಾತಾಡುತ್ತಿದ್ದಾಳೆ, ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೇ. ಇವತ್ತು ಕೆಲಸದಿಂದ ಬಂದು ಮೇಜಿನ ಎದುರು ಕೂತೆ. ಮಿಷನ್ ಕಿರಿಕಿರಿ ಮಾಡುತ್ತಿತ್ತೆಂದು ತೆಗೆದಿಟ್ಟಿದ್ದೆ. ಅವಳು ಒಲೆಯ ಕಡೆ ನೋಡುತ್ತಾ, ತನಗೇ ಗೊತ್ತಿಲ್ಲದೆ ಕುಟ್ಟಲು ಶುರುಮಾಡಿದಳು. ನನ್ನ ಮೊಣಕೈ ಮೇಜಿನ ಮೇಲಿತ್ತು. ಕಿವಿಗೆ ಬರಲಿಲ್ಲ, ಮೊಣಕೈಯಿಂದ ಭುಜಕ್ಕೆ ಬಂತು. ಧಂ ಧಂ, ಧಂ. ಧಂ ಧಂ, ಧಂ.

ಎಷ್ಟು ವರ್ಷದಿಂದ ಬೈಯುತ್ತಾ ಬಂದಿದ್ದೇನೆ ಇದನ್ನು. ಇದು ಕತ್ತಲೆ ಹಾಡು. ರೆಕಾರ್ಡಿನದ್ದಲ್ಲ, ಗೋಡೆಯದ್ದು.

ನಾನು ಅಲುಗಾಡಲಿಲ್ಲ. ಅವಳೂ ಮನೆಯ ಒಳಗೆ ಇದ್ದಾಗ ಗೋಡೆಯಿಂದ ಕೇಳಿರಬಹುದು ಎಂದುಕೊಂಡೆ. ಆಮೇಲೆ ಹೊಳೆಯಿತು, ಶೋ ಇದ್ದ ಸಂಜೆ ಅವಳು ಮನೆಯಲ್ಲಿ ಇರುತ್ತಲೇ ಇರಲಿಲ್ಲ. ನಿಲುಗಡೆ ಬಂತು, ಅವಳ ಬೆರಳು ಗಾಳಿಯಲ್ಲಿ ನಿಂತಿತು. ನಾನು ಮೆಲ್ಲಗೆ, ಇಲ್ಲಿ ದೀಪ ಆರಿಸ್ತಾರಂತೆ ಎಂದೆ.

"ಹೂಂ. ಕೌಂಟರಿನ ಬಲ್ಬೂ ಆರುತ್ತೆ," ಎಂದಳು.

ಎಡಗಡೆ ಕೂತಿದ್ದಳು, ಹೇಳುವಾಗ ಮುಖ ನನ್ನ ಕಡೆಗೆ ತಿರುಗಿತ್ತು. ತುಟಿ ಓದುವುದು ನನಗೆ ಈಗ ಅಭ್ಯಾಸವಾಗಿದೆ. ತಪ್ಪಾಗಿ ಕೇಳಿಸಿಕೊಂಡಿಲ್ಲ.

"ಯಾವ ಕೌಂಟರ್?"

ಅಮ್ಮ ಎದ್ದು ಒಲೆ ಆರಿಸಿದಳು. ಪಾತ್ರೆ ಇಳಿಸಿದಳು. ಬಟ್ಟಲು ತಂದಳು. ಊಟ ಮಾಡು, ಆರಿಹೋಗುತ್ತೆ ಎಂದಳು. ಆಮೇಲೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರ್ಚ್ 28, ಶುಕ್ರವಾರ

ಗುಂಗುರುಗೆ ಫೋನ್ ಮಾಡಿದೆ. ಯಾವ ಕೌಂಟರ್ ಎಂದು ಕೇಳಿದ್ದಕ್ಕೆ, ನಿಮ್ಮಮ್ಮ ಹೇಳಬೇಡ ಅಂದಿದ್ರು ಕಣೇ ಎಂದಳು.

ಮಾರ್ಚ್ 30, ಭಾನುವಾರ

ಅಮ್ಮ ತಾನಾಗಿಯೇ ಹೇಳಿದಳು. ಬಟ್ಟೆ ಮಡಿಸುತ್ತಾ ಹೇಳಿದಳು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸುತ್ತಾ.

ಹೆಚ್ಚುವರಿ ಪಾಳಿ ಎಂಬುದು ಇರಲೇ ಇಲ್ಲ. ಶೋ ಇದ್ದ ಸಂಜೆ ಅವಳು ಬೀದಿಯ ತುದಿಯವರೆಗೆ ಲಾಂಡ್ರಿಯ ದಾರಿಯಲ್ಲಿ ನಡೆದು, ತಿರುವಿನಲ್ಲಿ ಹೊರಳಿ, ಸೋಪಿನ ಮುಂಬಾಗಿಲಿಗೆ ಹೋಗುತ್ತಿದ್ದಳು. ಒಳಗೆ ಬರುವವರು ಕೋಟು, ಛತ್ರಿ, ಹೆಲ್ಮೆಟ್ಟು ಕೊಟ್ಟುಹೋಗುವ ಕೌಂಟರು ಅವಳದು. ಕೊಟ್ಟದ್ದನ್ನು ಮೊಳೆಗೆ ಸಿಕ್ಕಿಸಿ ಬಿಲ್ಲೆ ಕೊಡುವುದು, ಮುಗಿದ ಮೇಲೆ ಬಿಲ್ಲೆ ತೆಗೆದುಕೊಂಡು ಕೋಟು ಕೊಡುವುದು. ಬೆಳಿಗ್ಗೆ ಅವಳ ಸೀರೆಯಿಂದ ಸೋಪಿನ ವಾಸನೆ ಬರುತ್ತಿತ್ತು. ಲಾಂಡ್ರಿಯವಳ ಮೈಯಿಂದ ಸೋಪಲ್ಲದೆ ಇನ್ನೇನು ಬರಬೇಕು ಎಂದುಕೊಂಡು ನಾನು ಒಂದು ದಿನವೂ ಅನುಮಾನಪಡಲಿಲ್ಲ.

ಹಾಗಾದರೆ ನನ್ನನ್ನೂ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದೆ. ಎಷ್ಟು ಜೋರಾಗಿ ಹೇಳಿದೆನೋ, ಈಗೀಗ ನನ್ನ ಧ್ವನಿಯ ಅಳತೆ ನನಗೇ ಸಿಗುವುದಿಲ್ಲ.

"ನಿನ್ನ ಕ್ಲಾಸಿನೋರೆಲ್ಲ ಬರ್ತಿದ್ರು," ಎಂದಳು ಅಮ್ಮ. "ಕೋಟು ಬಿಚ್ಚಿ ನನ್ನ ಕೈಗೆ ಕೊಡ್ತಿದ್ರು. ಅದನ್ನ ನೀನು ನೋಡೋದು ಬೇಡ ಅನ್ನಿಸ್ತು."

ಗುಂಗುರು ಮೊದಲ ದಿನ ಅವಳನ್ನು ನೋಡಿ, ಆಂಟಿ ನೀವಾ ಎಂದಳಂತೆ. ಅಮ್ಮ ಬಾಯಿಗೆ ಬೆರಳಿಟ್ಟು ತೋರಿಸಿದಳಂತೆ. ಅಲ್ಲಿಂದಾಚೆಗೆ ಗುಂಗುರುವಿನ ಕೋಟಿಗೆ ಯಾವಾಗಲೂ ಮೊದಲನೆಯ ಮೊಳೆ.

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಾನು ನಾಚುತ್ತೇನೆಂದು ಅವಳು ನಾಚಿಕೊಂಡಿದ್ದಳು. ಹದಿನೈದರಲ್ಲಿ ನಾನು ನಾಚುತ್ತಿದ್ದೆನೇ? ನಾಚುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು ಎಂಬುದೇ ಚುಚ್ಚುತ್ತದೆ.

ಆಮೇಲೆ ಇನ್ನೊಂದು ಸಂಕಟ ಶುರುವಾಯಿತು. ನಾನು ಬಾಯಿ ಬಿಟ್ಟುಕೊಂಡು ಬಯಸಿದ್ದನ್ನೆಲ್ಲ ಇವಳು ತಿಂದು ಬಾಯಿ ಒರೆಸಿಕೊಂಡು ಮನೆಗೆ ಬರುತ್ತಿದ್ದಳಲ್ಲ. ಹೊಟ್ಟೆ ಉರಿಯಿತು. ಐವತ್ತಮೂರು ವರ್ಷದ ಹೆಂಗಸಿಗೆ ಎಪ್ಪತ್ತಾರರ ತಾಯಿಯ ಮೇಲೆ, ಅದೂ ರಾಕ್ ಸಂಗೀತದ ವಿಷಯಕ್ಕೆ.

ಎಲ್ಲವನ್ನೂ ನೋಡಿದೆಯಾ ಎಂದು ಕೇಳಿದೆ. ಅಮ್ಮ ಟವೆಲು ಮಡಿಸಿ, ನೋಡೋದೆಲ್ಲಿ ಬಂತು ಎಂದಳು, ಅಷ್ಟೇ.

ಏಪ್ರಿಲ್ 2, ಬುಧವಾರ

ನನ್ನನ್ನು ನಕಲು ವಿಭಾಗಕ್ಕೆ ಹಾಕಿದರು. ಕಾಗದ ನೋಡಿ ಕಾಗದ ಮಾಡುವುದು, ಯಾರ ಮಾತನ್ನೂ ಕೇಳಬೇಕಾಗಿಲ್ಲ. ಮೇಡಂ ತಾವೇ ಬಂದು ಹೇಳಿದರು, ನನ್ನ ಎಡಗಡೆಗೆ ನಿಂತು, ನಿಧಾನವಾಗಿ. ಒಳ್ಳೆಯ ಹೆಂಗಸು. ಕಿಟಕಿ ಪಕ್ಕದ ಮೇಜು. ಅಳಬೇಕು ಎಂದು ಬಾತ್‌ರೂಮಿಗೆ ಹೋದೆ, ಅಳು ಬರಲಿಲ್ಲ, ಮುಖ ತೊಳೆದು ಬಂದೆ.

ಬರುವಾಗ ಗುಂಗುರು ಅಂಗಡಿಯಲ್ಲಿ ಇನ್ನೊಂದು ಟಿಕೆಟ್ ತೆಗೆದುಕೊಂಡೆ.

ಏಪ್ರಿಲ್ 6, ಭಾನುವಾರ

ಅಮ್ಮ ಬರುವುದಿಲ್ಲ ಎಂದು ಬೆಳಿಗ್ಗೆಯಿಂದ ಹೇಳುತ್ತಾ, ಮೂರು ಗಂಟೆಗೆ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೈಚೀಲದಲ್ಲಿ ಹತ್ತಿಯ ಸುರುಳಿ.

ಸೋಪಿನ ಒಳಗೆ ಕಾಲಿಟ್ಟೆ. ಇಷ್ಟು ವರ್ಷ ಮನಸ್ಸಿನಲ್ಲಿ ಅದನ್ನು ಅರಮನೆಯಷ್ಟು ಮಾಡಿಕೊಂಡಿದ್ದೆ. ಕೋರ್ಟ್ ಹಾಲಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ನೆಲದಲ್ಲಿ ಎಣ್ಣೆ ಕಲೆ. ಸೋಪಿನ ವಾಸನೆ ಈಗಲೂ ಇದೆ. ಬಂದವರೆಲ್ಲ ನನ್ನ ವಯಸ್ಸಿನವರು, ಹೊಟ್ಟೆ ಬಂದವರು, ತಲೆ ಬೋಳಾದವರು, ಹಳೆಯ ಕಪ್ಪು ಅಂಗಿಯೊಳಗೆ ಉಸಿರು ಬಿಗಿಹಿಡಿದು ತೂರಿಕೊಂಡವರು. ಅರ್ಧ ಜನ ಕುರ್ಚಿ ಎಲ್ಲಿದೆ ಎಂದು ಹುಡುಕುತ್ತಿದ್ದರು. ಮುಂದೆ ಗುಂಗುರು ಆಗಲೇ ಕೈ ಎತ್ತಿಕೊಂಡು ನಿಂತಿದ್ದಳು.

ಅಮ್ಮ ನನ್ನ ಮಿಷನ್ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡು, ಹತ್ತಿಯನ್ನು ಉಂಡೆ ಮಾಡಿ ಎಡಗಿವಿಗೆ ತುರುಕಿದಳು. ಅದೇ ಹೆಬ್ಬೆರಳು, ಅದೇ ಒತ್ತು.

ತಂಡ ಬಂತು. ಎಲ್ಲರೂ ಬಾಯಿ ತೆರೆದರು, ಕೂಗುತ್ತಿರಬೇಕು. ಶುರುವಾಯಿತು. ನನಗೆ ಸಿಕ್ಕಿದ್ದು ಒಂದು ಮಂಕಾದ ಗದ್ದಲ, ನೀರೊಳಗೆ ಲಾರಿ ಹೋದ ಹಾಗೆ. ಗಾಯಕನ ತುಟಿ ಓದಲು ನೋಡಿದೆ, ಮೈಕು ಅಡ್ಡ. ಒಂದು ಹಾಡು ಮುಗಿಯಿತು, ಎರಡನೆಯದೂ ಮುಗಿಯಿತು, ಅವೆರಡೂ ಬೇರೆ ಬೇರೆ ಹಾಡು ಎಂದು ಚಪ್ಪಾಳೆ ನೋಡಿ ತಿಳಿಯಿತು. ಸುತ್ತ ಎಲ್ಲರೂ ಅಳುತ್ತಾ ನಗುತ್ತಾ ಇದ್ದರು. ನಾನು ಅವರ ಮುಖಗಳನ್ನು ನೋಡುತ್ತಾ ನಿಂತೆ. ಹತ್ತಿ ಕಿತ್ತೆಸೆಯಬೇಕೆಂದು ಕೈ ಎತ್ತಿದೆ, ಹೋದರೆ ಹೋಗಲಿ ಈ ಕಿವಿಯೂ ಎಂದು. ಅಮ್ಮ ಆ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ ಹಿಂದಕ್ಕೆ ಎಳೆದುಕೊಂಡು ಹೋದಳು.

ಹಾಲಿನ ಹಿಂಭಾಗದಲ್ಲಿ ಒಂದು ಮೊಗಸಾಲೆ, ಅದರ ಕೊನೆಗೆ ಕೌಂಟರು. ಮೇಲೆ ಮುರಿದ ಕುರ್ಚಿಗಳನ್ನು ಪೇರಿಸಿದ್ದರು. ಅಮ್ಮ ಪಕ್ಕದ ಹಲಗೆಯನ್ನು ಸೊಂಟದಿಂದ ತಳ್ಳಿ ಎತ್ತಿ ಒಳಗೆ ಹೋದಳು, ನಿನ್ನೆ ತಾನೆ ಬಂದುಹೋದವಳ ಹಾಗೆ. ನಾನೂ ತೂರಿಕೊಂಡೆ. ಕಿರಿದಾದ ಜಾಗ, ಎರಡೂ ಬದಿಗೆ ಮೊಳೆಗಳ ಸಾಲು, ಮೇಲೊಂದು ಬಲ್ಬು. ಅಲ್ಲಿಂದ ವೇದಿಕೆ ಕಾಣುವುದಿಲ್ಲ. ಬಗ್ಗಿ ನೋಡಿದೆ, ಪಕ್ಕಕ್ಕೆ ವಾಲಿ ನೋಡಿದೆ. ಎಲ್ಲಿಂದಲೂ ಏನೂ ಕಾಣುವುದಿಲ್ಲ. ನೋಡೋದೆಲ್ಲಿ ಬಂತು ಎಂದು ಅವಳು ಅವತ್ತು ಹೇಳಿದ್ದು ಇದನ್ನೇ.

ಅಮ್ಮ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಂತು, ಪಕ್ಕದ ಜಾಗವನ್ನು ತಟ್ಟಿ ತೋರಿಸಿದಳು. ನಾನೂ ಒರಗಿದೆ.

ಬಂತು. ಇಟ್ಟಿಗೆಯೊಳಗಿಂದ, ಬೆನ್ನಿಗೆ, ಹಲ್ಲಿಗೆ. ಧಂ ಧಂ, ಧಂ. ಮಾತಿಲ್ಲ, ರಾಗವಿಲ್ಲ. ಒಂದೊಂದು ಹಾಡೂ ಗೊತ್ತಾಯಿತು. ಇದು ತಮ್ಮನಿಗೆ ಜ್ವರ ಬಂದ ದಿನದ್ದು, ಇದು ನಾನು ಹೊಸ ಹೊದಿಕೆಯ ಅಂಚು ಕಚ್ಚಿ ಹರಿದ ದಿನದ್ದು. ಯಾವ ಹಾಡಿನ ಹೆಸರೂ ಗೊತ್ತಿಲ್ಲ, ಎಲ್ಲವೂ ಪೂರ್ತಿ ಬಾಯಿಪಾಠ. ಅಮ್ಮ ಗೋಡೆಯ ಮೇಲೆ ಸೊಂಟದ ಎತ್ತರದಲ್ಲಿ ಒಂದು ಜಾಗ ತೋರಿಸಿ, ಕೆನ್ನೆಗೆ ಅಂಗೈ ಹಚ್ಚಿ, ಇಲ್ಲಿ ನಿನ್ನ ದಿಂಬು ಎಂದು ಸನ್ನೆ ಮಾಡಿದಳು. ಆಮೇಲೆ ತನ್ನ ಕಾಲಡಿ ತೋರಿಸಿದಳು. ನಾನು ಇಲ್ಲಿ.

ನೀಲಿ ಸುಣ್ಣದ ಗೋಡೆ ಇದೇ.

ಆಗ ಕತ್ತಲೆ ಹಾಡು ಬಂತು. ಇಬ್ಬರಿಗೂ ಒಟ್ಟಿಗೆ ಗೊತ್ತಾಯಿತು, ಒಬ್ಬರನ್ನೊಬ್ಬರು ನೋಡಿದೆವು. ಗುದ್ದು ಏರುತ್ತಾ ಏರುತ್ತಾ ಹೋಗಿ ಥಟ್ಟನೆ ನಿಂತಿತು. ಮೇಲಿನ ಬಲ್ಬು ಆರಿತು. ಏನೂ ಕಾಣದು, ಏನೂ ಕೇಳದು, ಬೆನ್ನಿಗೂ ಏನಿಲ್ಲ. ನಾನು ಮುಂದಿನದಕ್ಕೆ ಕಾದೆ. ನಿಲುಗಡೆಯ ನಡುವೆ ಟಕ್ ಟಕ್ ಬರಬೇಕು, ಅಮ್ಮನ ಮೇಜಿನಲ್ಲಿ ಯಾವಾಗಲೂ ಬರುತ್ತದೆ. ಬರಲಿಲ್ಲ. ವೇದಿಕೆಯವರು ಮರೆತರೇನೋ ಎಂದುಕೊಂಡೆ.

ಗೋಡೆ ಅಲುಗಿತು. ಟಕ್ ಟಕ್. ಅಮ್ಮ, ಬೆರಳ ಗೆಣ್ಣಿನಿಂದ.

ಕತ್ತಲಲ್ಲಿ ಅವಳ ಕೈ ನನ್ನ ಕಿವಿ ಹುಡುಕಿ ಹತ್ತಿ ಎಳೆದುಕೊಂಡಿತು. ಬಾಯಿ ಕಿವಿಗೆ ತಾಗಿಸಿ ಹೇಳಿದಳು:

"ಇದು ಹಾಡಲ್ಲಿಲ್ಲ ಕಣೇ. ಇದು ನೀನು. ಎಲ್ಲ ನಿಂತಾಗ ಆ ಕಡೆಯಿಂದ ಕುಟ್ತಿದ್ದೆ. ಅದೊಂದು ಕೇಳಿಸಿದ್ರೆ ನಂಗೆ ಸಮಾಧಾನ, ಮಕ್ಕಳು ಇದ್ದಾರೆ ಅಂತ."

ನಾನು ಏನಾದರೂ ಹೇಳುವ ಮೊದಲೇ ಹತ್ತಿಯನ್ನು ವಾಪಸ್ ತುರುಕಿ, ಅಂಗೈಯಿಂದ ಒತ್ತಿ ಹಿಡಿದಳು. ಮರುಕ್ಷಣ ಬಲ್ಬು ಹತ್ತಿತು, ಗೋ ಎಂದು ಎಲ್ಲವೂ ಮತ್ತೆ ಬೆನ್ನಿಗೆ ಬಡಿಯಿತು. ಯಾವಾಗ ಶುರುವಾಗುತ್ತದೆ ಎಂದು ಅವಳಿಗೆ ಸರಿಯಾಗಿ ಗೊತ್ತಿತ್ತು.

ಏಪ್ರಿಲ್ 8, ಮಂಗಳವಾರ

ನಕಲು ವಿಭಾಗದಲ್ಲಿ ಎದುರಿನ ಮೇಜಿನವರು ದೂರು ಹೇಳಿದರು, ನಾನು ಮೇಜು ಕುಟ್ಟುತ್ತೇನಂತೆ. ನಾನಾ? ಎಂದೆ. ಬೆಳಿಗ್ಗೆಯಿಂದ, ಎಂದರು.

ಕಿವಿ ಹಾಗೇ ಇದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮನೆಯಲ್ಲಿ ಮಿಷನ್ ಹಾಕಿಕೊಳ್ಳುವುದಿಲ್ಲ, ಈರುಳ್ಳಿ ಹೆಚ್ಚುವ ಸದ್ದು ಯಾರಿಗೆ ಬೇಕು. ಅಮ್ಮ ಅಡುಗೆಮನೆಯಿಂದ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದಳು. ಕೂಗಬೇಡ ಎಂದು ಹೇಳಿದ್ದೇನೆ. ನನ್ನ ಮಂಚವನ್ನು ಅಡುಗೆಮನೆಯ ನಡುಗೋಡೆಗೆ ಸರಿಸಿಕೊಂಡೆ, ಇಲ್ಲಿ ಒರಗಿ ಕೂತರೆ ಬರೆಯಲೂ ಹಿತ.

ನಾಳೆ ಗುಂಗುರುಗೆ ಒಂದು…

ಎರಡು ಸಲ ಬಿತ್ತು ಬೆನ್ನಿಗೆ. ಊಟಕ್ಕೆ ಕರೆಯುತ್ತಿದ್ದಾಳೆ. ನಾನೂ ಎರಡು ಸಲ ಕುಟ್ಟಿದ್ದೇನೆ. ಹೋಗಬೇಕು.